ಹಸಿರು ಚುಕ್ಕೆಯ ಬೆಸುಗೆ

"ಟಾರ್ಚು ನನ್ನ ಮುಖಕ್ಕಲ್ಲ ದಫೇದಾರ್ರೇ, ಪೈಪಿಗೆ ಹಿಡೀರಿ."

"ಪೈಪಿಗೇ ಹಿಡಿದಿದ್ದೀನಿ ಮೇಡಂ. ನಿಮ್ಮ ಮೂಗು ಅಡ್ಡ ಬರ್ತಿದೆ."

ಸ್ಟೇಷನ್ನಿನ ಹಿತ್ತಲಲ್ಲಿ ನಿಂತಿದ್ದ ಕಾರಿನ ಹೊಟ್ಟೆಯಡಿ ಅಂಗಾತ ಮಲಗಿದ್ದ ಇನ್ಸ್‌ಪೆಕ್ಟರಿಗೆ ನಗು ಬರಲಿಲ್ಲ, ಸೀನು ಬಂತು. ಸೀನಿದ ರಭಸಕ್ಕೆ ಹಣೆ ಕಬ್ಬಿಣಕ್ಕೆ ಬಡಿಯಿತು. ಬೆಳಿಗ್ಗೆಯಿಂದ ಸಿಡಿಯುತ್ತಿದ್ದ ತಲೆ ಇನ್ನೂ ಒಂದು ಸುತ್ತು ಸಿಡಿಯಿತು.

ಸ್ಟೇಷನ್ನಿನಲ್ಲಿ ಅವಳ ಬೆನ್ನ ಹಿಂದೆ ಎಲ್ಲರೂ ಅವಳನ್ನು 'ಮೂಗು' ಎಂದೇ ಕರೆಯುತ್ತಿದ್ದರು. ಕಂಡಕಂಡಲ್ಲಿ ಮೂಗು ತೂರಿಸುತ್ತಾಳೆ ಎನ್ನುವುದು ಒಂದು ಕಾರಣ. ಬಚ್ಚಿಟ್ಟ ಬಾಟಲಿಯನ್ನು ಹೊಸ್ತಿಲಲ್ಲಿ ನಿಂತೇ ಪತ್ತೆ ಹಚ್ಚುತ್ತಾಳೆ ಎನ್ನುವುದು ಇನ್ನೊಂದು. ಅಂಥ ಹೆಸರುವಾಸಿ ಮೂಗು ಈ ವಾರ ನೆಗಡಿಗೆ ಸಿಕ್ಕಿ ಬೀಗ ಹಾಕಿಕೊಂಡು ಕೂತಿತ್ತು. ಇಡೀ ನೌಕರಿಯಲ್ಲಿ ಅದು ಅತ್ಯಂತ ಬೇಕಾಗಿದ್ದ ವಾರವೂ ಇದೇ.

ಏಕೆಂದರೆ ಈ ಕಾರಿನಲ್ಲೇ, ಕಿಟಕಿಗಳನ್ನೆಲ್ಲ ಏರಿಸಿಕೊಂಡು, ಸೋಪಿನ ಕಾರ್ಖಾನೆಯಲ್ಲಿ ಪರಿಮಳ ಬೆರೆಸುವ ಮೇಷ್ಟ್ರು ಸತ್ತುಹೋಗಿದ್ದರು. ಆ ಸಾವಿಗಾಗಿ ಲಾಕಪ್ಪಿನಲ್ಲಿ ಕೂತಿದ್ದವನು ಅವಳ ಸ್ವಂತ ಅಕ್ಕನ ಗಂಡ.

ಹೊಗೆಯ ಪೈಪಿನ ಕೀಲೊಂದನ್ನು ಯಾರೋ ಬೇಕೆಂದೇ ಸಡಿಲಿಸಿದ್ದರು. ಹಿಂದೆ ಹೋಗಬೇಕಾದ ಹೊಗೆ ಕಾರಿನೊಳಗೆ ನುಗ್ಗಿತ್ತು. ಹಾಗಾದಾಗ ಯಾವ ಮನುಷ್ಯನಿಗಾದರೂ ಎರಡು ಎಚ್ಚರಿಕೆ ಸಿಗುತ್ತವೆ. ಒಂದು, ಮೂಗಿಗೆ ಹೊಗೆಯ ವಾಸನೆ. ಇನ್ನೊಂದು, ಕಣ್ಣೆದುರು ಹತ್ತುವ ಚೆಕ್ ಎಂಜಿನ್ ದೀಪ.

ಮೇಷ್ಟ್ರಿಗೆ ಎರಡೂ ಸಿಕ್ಕಿರಲಿಲ್ಲ.

ಮೂಗಿನ ವಿಷಯ ಅವರ ಹೆಂಡತಿ ನಿನ್ನೆ ಅಳುತ್ತಲೇ ಬಾಯಿ ಬಿಟ್ಟಿದ್ದಳು. ಹಿಂದೊಮ್ಮೆ ಜ್ವರ ಬಂದು ಬಿಟ್ಟಾಗ ಮೇಷ್ಟ್ರ ಮೂಗಿನ ಶಕ್ತಿಯೇ ಹೊರಟುಹೋಗಿತ್ತು. ಪರಿಮಳ ಬೆರೆಸಿ ಹೊಟ್ಟೆ ಹೊರೆಯುವ ಮನುಷ್ಯ ಇದನ್ನು ಯಾರ ಹತ್ತಿರ ಹೇಳಿಕೊಂಡಾನು? ಮುಚ್ಚಿಟ್ಟಿದ್ದರು. "ನನಗೆ ಗೊತ್ತಿತ್ತು. ಇನ್ನೊಬ್ಬಳಿಗೆ ಗೊತ್ತಿತ್ತು. ಅವರ ಬದಲು ಮೂಸಿ ನೋಡಿ ಹೇಳೋಳು. ಕಾರ್ಖಾನೆಗೆ ಹಿಂದಿನ ಬಾಗಿಲಿಂದ ಬಂದು ಹೋಗ್ತಿದ್ದಳಂತೆ. ಈಚೆಗೆ ದುಡ್ಡಿಗೆ ಜಗಳ ಆಗಿತ್ತಂತೆ. ಯಾರು ಅಂತ ಮಾತ್ರ ನನ್ನ ಹತ್ರ ಕೊನೆಗೂ ಹೇಳಲಿಲ್ಲ," ಎಂದಿದ್ದಳು.

ದೀಪದ ವಿಷಯಕ್ಕೇ ಭಾವ ಸಿಕ್ಕಿಬಿದ್ದದ್ದು. ಹೊಗೆ ಪೈಪಿಗೆ ಚುಚ್ಚಿಕೊಂಡಿರುವ ಆಕ್ಸಿಜನ್ ಸೆನ್ಸರ್ ಹೊಗೆಯನ್ನು ಸದಾ ಪರೀಕ್ಷಿಸುತ್ತ, ಏನಾದರೂ ಎಡವಟ್ಟಾದರೆ ಕಾರಿನ ಕಂಪ್ಯೂಟರಿಗೆ ದೂರು ಹೇಳುತ್ತದೆ. ಕಂಪ್ಯೂಟರ್ ದೀಪ ಹಚ್ಚುತ್ತದೆ. ಸೆನ್ಸರಿನ ತಂತಿಗೂ ಕಾರಿನ ತಂತಿಗೂ ನಡುವೆ ಗೇಣುದ್ದದ ಅಡಾಪ್ಟರ್ ಒಂದನ್ನು ಸೇರಿಸಿಬಿಟ್ಟರೆ ಆಯಿತು, ದೂರು ದಾರಿಯಲ್ಲೇ ಬದಲಾಗಿ 'ಎಲ್ಲ ಕ್ಷೇಮ' ಎಂದು ತಲುಪುತ್ತದೆ. ದೀಪ ಆರುತ್ತದೆ. ರೋಗ ಹಾಗೇ ಇರುತ್ತದೆ.

ಊರಿನಲ್ಲಿ ಈ ಅಡಾಪ್ಟರ್ ಕೆಲಸಕ್ಕೆ ಭಾವನದು ಎತ್ತಿದ ಕೈ. ಗಾಡಿ ರಿಪೇರಿಗೆ ಬಂದವರಿಗಿಂತ ದೀಪ ಆರಿಸಿಕೊಂಡು ಹೋಗಲು ಬಂದವರೇ ಅವನ ಗ್ಯಾರೇಜಿನ ಮುಂದೆ ಹೆಚ್ಚು. ಮೇಷ್ಟ್ರ ಕಾರು ಸಾವಿನ ಹಿಂದಿನ ದಿನ ಅಲ್ಲಿ ನಿಂತಿದ್ದನ್ನು ಕಂಡವರಿದ್ದರು. ದೊಡ್ಡ ಸಾಹೇಬರಿಗೆ ಅಷ್ಟು ಸಾಕಾಯಿತು.

"ನಿನ್ನ ಭಾವ ಅಂತ ನಂಗೂ ಗೊತ್ತಮ್ಮ," ಎಂದಿದ್ದರು ಅವರು. "ಇವತ್ತು ಸಂಜೆವರೆಗೂ ಕೇಸು ನಿನ್ನ ಕೈಲಿ ಇಟ್ಕೋ. ಅಷ್ಟರಲ್ಲಿ ಏನಾದ್ರೂ ಸಿಕ್ಕಿದ್ರೆ ತಾ. ಆಮೇಲೆ ಬೇರೆಯವರಿಗೆ ಹೋಗುತ್ತೆ."

ಅಪ್ಪ ಅಮ್ಮ ಹೋದ ಮೇಲೆ ಅವಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ಭಾವ. ಜಡೆ ಹೆಣೆದು ಕಳಿಸಿದವಳು ಅಕ್ಕ. ಸಂಜೆಯೊಳಗೆ ಆ ಮನುಷ್ಯನನ್ನು ಹೊರಗೆ ತರದಿದ್ದರೆ ತಾನು ಹಾಕಿಕೊಂಡಿರುವ ಖಾಕಿಗೆ ಅರ್ಥವೇ ಇಲ್ಲ ಎಂದುಕೊಂಡೇ ಅವಳು ಕಾರಿನಡಿ ನುಸುಳಿದ್ದಳು.

ಅಡಾಪ್ಟರ್ ಇದೆ ಎಂದು ತಜ್ಞರು ಬರೆದುಕೊಟ್ಟಾಗಿತ್ತು. ಅದನ್ನು ಹೇಗೆ ಕೂಡಿಸಿದ್ದಾರೆ ಎಂದು ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಅವಳು ತಂತಿಯ ಮೇಲಿನ ಕರಿ ಟೇಪನ್ನು ಉಗುರಿನಿಂದ ಬಿಡಿಸಿದಳು. ಒಂದು ಸುತ್ತು, ಇನ್ನೊಂದು ಸುತ್ತು. ಒಳಗಿನಿಂದ ಬೆಳ್ಳಿಯ ಹಾಗೆ ಏನೋ ಮಿನುಗಿತು.

ಅವಳ ಕೈ ನಿಂತಿತು.

"ದಫೇದಾರ್ರೇ, ಬಗ್ಗಿ. ಇಲ್ಲಿ ನೋಡಿ. ಇದು ಏನು?"

ದಫೇದಾರರು ಹೊಟ್ಟೆಯನ್ನು ಹೇಗೋ ಮಡಚಿಕೊಂಡು ಬಗ್ಗಿದರು. "ಸೋಲ್ಡರು. ರೇಡಿಯೋದೋರು ಮಾಡ್ತಾರಲ್ಲ, ಅದು."

"ಹೌದಲ್ಲ? ಬೆಸೆದಿದ್ದಾರೆ ಅಲ್ವಾ?"

"ಬೆಸೆದಿದ್ದಾರೆ. ಅದಕ್ಕೆ ಇಷ್ಟು ಖುಷಿ ಯಾಕೆ?"

ಖುಷಿಯೇ ಆಗಿತ್ತು ಅವಳಿಗೆ. ಎಷ್ಟೆಂದರೆ, ಆ ಎಣ್ಣೆ ಜಿಡ್ಡಿನ ನೆಲದಲ್ಲಿ ಮಲಗಿದ್ದಂತೆಯೇ ಕಣ್ಣಲ್ಲಿ ನೀರು ಬಂತು. ಶಾಲೆಗೆ ರಜೆ ಇದ್ದಾಗಲೆಲ್ಲ ಅವಳು ಗ್ಯಾರೇಜಿನಲ್ಲೇ ಬೆಳೆದವಳು. ಒಮ್ಮೆ ಸೆನ್ಸರಿನ ಎರಡು ತಂತಿಗಳನ್ನು ಬೆಸೆದು ಜಾಣೆ ಅನ್ನಿಸಿಕೊಳ್ಳಲು ಹೋಗಿ ಭಾವನಿಂದ ಕೈಗೆ ಒಂದು ಪೆಟ್ಟು ತಿಂದಿದ್ದಳು. ಭಾವ ಅವಳಿಗೆ ಹೊಡೆದದ್ದು ಅದೊಂದೇ ಸಲ.

'ಇದು ಗಾಡಿಯ ಮೂಗು ಕಣೇ ಪುಟ್ಟಿ,' ಎಂದಿದ್ದ ಆಮೇಲೆ, ಪೆಟ್ಟು ಬಿದ್ದ ಕೈ ಉಜ್ಜುತ್ತ. 'ಹೊಗೆ ಹೇಗಿದೆ ಅಂತ ಹೇಳಬೇಕಾದರೆ ಇದಕ್ಕೆ ಹೊರಗಿನ ಒಳ್ಳೆ ಗಾಳಿಯೂ ಬೇಕು. ಆ ಗಾಳಿನ ಈ ತಂತಿ ಒಳಗಿಂದಲೇ ಎಳ್ಕೊಳ್ಳುತ್ತೆ. ಬೆಸೆದುಬಿಟ್ರೆ ಎಳೆಗಳೆಲ್ಲ ಕಟ್ಕೊಂಡು ಉಸಿರು ನಿಂತುಹೋಗುತ್ತೆ. ಮೂಗು ಮುಚ್ಚಬೇಡ. ಒತ್ತಿ ಕೂಡಿಸು.'

ಪುಟ್ಟ ತಾಮ್ರದ ಕೊಳವೆಯೊಳಗೆ ಎರಡೂ ತಂತಿ ತೂರಿಸಿ ಇಕ್ಕಳದಿಂದ ಬಲವಾಗಿ ಒತ್ತುವುದು. ಭಾವನ ಕೈಯಿಂದ ಹೊರಟ ಯಾವ ಸೆನ್ಸರಿನ ತಂತಿಯಾದರೂ ಹಾಗೇ ಇರುತ್ತಿತ್ತು. ಗ್ಯಾರೇಜಿನಲ್ಲಿ ಸೋಲ್ಡರಿಂಗ್ ಐರನ್ ಇಡಲಿಕ್ಕೇ ಅವನು ಬಿಟ್ಟಿರಲಿಲ್ಲ.

"ಇದು ಕಾರು ರಿಪೇರಿಯೋರ ಕೈಯಲ್ಲ," ಎಂದಳು ಹೊರಗೆ ಜಾರಿಕೊಂಡು ಬರುತ್ತ. "ಅಂದ್ರೆ ಭಾವ ಅಲ್ಲ."

"ಚುಕ್ಕೆ ಬೇರೆ ಇಟ್ಟಿದ್ದಾರೆ," ಎಂದರು ದಫೇದಾರರು, ಇನ್ನೂ ಬಗ್ಗಿಯೇ ಇದ್ದು. "ದೃಷ್ಟಿ ಆಗದಿರಲಿ ಅಂತಲೋ ಏನೋ."

ನಿಜ. ನುಣುಪಾದ ಬೆಸುಗೆಯ ನೆತ್ತಿಯ ಮೇಲೆ ಸಾಸಿವೆ ಗಾತ್ರದ ಹಸಿರು ಬಣ್ಣದ ಚುಕ್ಕೆ. ಎಲ್ಲೋ ಕಂಡ ಹಾಗಿದೆ ಎಂದು ಅವಳಿಗೆ ಅನ್ನಿಸಿತು. ಆದರೆ ಗೆದ್ದ ಸಂತೋಷದಲ್ಲಿ ಎಲ್ಲಿ ಎಂದು ಯೋಚಿಸಲಿಲ್ಲ. ಅಡಾಪ್ಟರನ್ನು ದಫೇದಾರರ ಸಾಕ್ಷಿಯಲ್ಲೇ ಬಿಚ್ಚಿ ಚೀಲಕ್ಕೆ ಹಾಕಿ ಮೊಹರು ಮಾಡಿದಳು.

ಅಷ್ಟರಲ್ಲಿ ಫೋನು ಬಂತು. ಅಕ್ಕ.

"ಮೂಗು ಬಿಟ್ಟಿತಾ?" ಅದೇ ಅಕ್ಕನ ಮೊದಲ ಮಾತು. ಗಂಡ ಲಾಕಪ್ಪಿನಲ್ಲಿದ್ದರೂ ತಂಗಿಯ ನೆಗಡಿ ಮರೆಯದ ಜೀವ.

"ಎಲ್ಲಿ ಬಿಡುತ್ತೆ. ಒಂದಿಷ್ಟೂ ವಾಸನೆ ಗೊತ್ತಾಗ್ತಿಲ್ಲ. ತಲೆ ಬೇರೆ ಒಡೆದು ಹೋಗ್ತಿದೆ."

"ಹಬೆ ತಗೊಂಡ್ಯಾ?"

"ತಗೊಂಡೆ."

"ಸುಳ್ಳು. ಗ್ರೀಸು ಮೆತ್ಕೊಂಡು ಎಲ್ಲೋ ಬಿದ್ಕೊಂಡಿದ್ದೀಯ. ಫೋನಲ್ಲೇ ವಾಸನೆ ಬರ್ತಿದೆ ನನಗೆ."

ಅವಳು ನಕ್ಕಳು. ಮೂಗಿನ ವಿಷಯದಲ್ಲಿ ಅಕ್ಕನ ಮುಂದೆ ಅವಳು ಏನೇನೂ ಅಲ್ಲ. ಪಕ್ಕದ ಮನೆಯಲ್ಲಿ ಹಾಲು ಸೀಯುವುದಕ್ಕೆ ಮುಂಚೆಯೇ ಇಲ್ಲಿಂದ ಕೂಗಿ ಹೇಳುತ್ತಿದ್ದವಳು ಅಕ್ಕ.

"ಅಕ್ಕ, ಒಂದು ಒಳ್ಳೆ ಸುದ್ದಿ ಇದೆ. ಮಧ್ಯಾಹ್ನ ಬಂದು ಹೇಳ್ತೀನಿ."

"ಬಾ," ಎಂದಳು ಅಕ್ಕ. "ನಿನ್ನ ಕಾರಲ್ಲೇ ಬರ್ತೀಯ ತಾನೇ? ಗಾಳಿ ಥಂಡಿ ಇದೆ. ಕಿಟಕಿ ಏರಿಸ್ಕೊಂಡು ಬಾ."

ಫೋನಿಟ್ಟು ಅವಳು ದಫೇದಾರರ ಕಡೆ ತಿರುಗಿದಳು. "ಊಟದ ಹೊತ್ತಿಗೆ ನಿಮ್ಮನ್ನ ಮನೆ ಹತ್ರ ಇಳಿಸಿ ಹೋಗ್ಲಾ?"

"ಬೇಡಿ ಮೇಡಂ, ನಾನು ಸೈಕಲ್ಲಲ್ಲೇ ಹೋಗ್ತೀನಿ. ನಿನ್ನೆ ನಿಮ್ಮ ಕಾರಲ್ಲಿ ಕೂತು ಇಳಿದೋನಿಗೆ ರಾತ್ರಿ ಊಟ ಸೇರಲಿಲ್ಲ. ತಲೆ ಗಿರ್ ಅಂತಿತ್ತು."

"ನನ್ನ ಡ್ರೈವಿಂಗ್ ಅಷ್ಟು ಕೆಟ್ಟದಾ?"

"ನಾನು ಹಾಗಂದೆನಾ? ಪಿಂಚಣಿ ಬರೋವರೆಗೂ ಬದುಕಿರಬೇಕು ಅಂದೆ ಅಷ್ಟೇ. ನಿಮ್ಮ ಕಾರಲ್ಲೂ ಆ ಎಂಜಿನ್ ದೀಪ ಹತ್ತಿತ್ತಲ್ಲ, ಏನಾಯ್ತು?"

"ಅದು ಆರಿ ಎಷ್ಟು ದಿನ ಆಯ್ತು. ಒಳಗೆ ಹೋಗೋ ಮುಂಚೆ ಭಾವನೇ ನೋಡಿಕೊಟ್ಟಿದ್ರು," ಎಂದು ಅವಳು ಲಾಕಪ್ಪಿನ ಕಡೆ ಹೆಜ್ಜೆ ಹಾಕಿದಳು.

* * *

ಭಾವ ಬೆಂಚಿನ ತುದಿಯಲ್ಲಿ ಕೂತು, ಸಡಿಲವಾಗಿದ್ದ ಅದರ ಒಂದು ಸ್ಕ್ರೂವನ್ನು ಹೆಬ್ಬೆರಳಿನ ಉಗುರಿನಿಂದ ತಿರುಗಿಸುತ್ತಿದ್ದ. ಸುಮ್ಮನೆ ಕೂರುವುದು ಆ ಮನುಷ್ಯನ ಜಾತಕದಲ್ಲೇ ಇರಲಿಲ್ಲ. ಎರಡು ದಿನಕ್ಕೆ ಗಡ್ಡ ಬೆಳೆದು, ಮುಖ ಇಳಿದುಹೋಗಿತ್ತು.

ಅವಳು ಪಹರೆಯವನನ್ನು ಹೊರಗೆ ಕಳಿಸಿ ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು.

"ಮೂಗು ಹೇಗಿದೆ?" ಎಂದ ಭಾವ.

"ಎಲ್ಲರಿಗೂ ನನ್ನ ಮೂಗಿನದೇ ಚಿಂತೆ. ಭಾವ, ಇನ್ನೊಂದು ಸಲ ಹೇಳಿ. ಆ ದಿನ ಏನಾಯ್ತು?"

"ಎಷ್ಟು ಸಲ ಹೇಳಲಿ? ಮೇಷ್ಟ್ರು ಬಂದ್ರು. ದೀಪ ಹತ್ತಿದೆ, ಆರಿಸಿಕೊಡು ಅಂದ್ರು. ನಾನು ಆಗಲ್ಲ ಅಂದೆ. ಪೈಪು ಎಲ್ಲೋ ಉಸಿರು ಬಿಡ್ತಿದೆ, ಬಿಟ್ಟುಹೋಗಿ, ನಾಳೆ ನೋಡ್ತೀನಿ ಅಂದೆ. ಊಟ ಮಾಡಿ ಬರೋಷ್ಟರಲ್ಲಿ ಕಾರು ಇರಲಿಲ್ಲ. ಅಡಾಪ್ಟರ್ ನಾನು ಹಾಕಿಲ್ಲ. ಪೈಪು ನಾನು ಮುಟ್ಟಿಲ್ಲ."

"ನೀವು ಹಾಕಿಲ್ಲ ಅಂತ ನನಗೆ ಗೊತ್ತು. ಅದಕ್ಕೆ ಗುರುತೂ ಸಿಕ್ಕಿದೆ."

ಅವಳು ಚೀಲವನ್ನು ಬೆಳಕಿಗೆ ಹಿಡಿದಳು. ಇಷ್ಟು ವರ್ಷ ಅವನು ತನಗೆ ಮಾಡಿದ್ದಕ್ಕೆಲ್ಲ ಇದೊಂದನ್ನಾದರೂ ತಿರುಗಿ ಕೊಡುತ್ತಿದ್ದೇನೆ ಎಂಬ ಹೆಮ್ಮೆ ಅವಳ ಎದೆಯಲ್ಲಿತ್ತು.

"ನೋಡಿ. ಬೆಸೆದಿದ್ದಾರೆ. ನೀವು ಯಾವತ್ತಾದ್ರೂ ಸೆನ್ಸರ್ ತಂತಿ ಬೆಸೀತೀರಾ? ಇದೊಂದೇ ಸಾಕು, ಸಾಹೇಬರ ಮುಂದೆ..."

ಮಾತು ಅಲ್ಲಿಗೇ ನಿಂತಿತು. ಭಾವನ ಹೆಬ್ಬೆರಳು ಸ್ಕ್ರೂವಿನ ಮೇಲೆ ನಿಂತುಹೋಗಿತ್ತು.

ಅವನು ಬೆಸುಗೆಯನ್ನು ನೋಡುತ್ತಿರಲಿಲ್ಲ. ಅದರ ಮೇಲಿನ ಹಸಿರು ಚುಕ್ಕೆಯನ್ನು ನೋಡುತ್ತಿದ್ದ. ಮುಖದಲ್ಲಿದ್ದ ಅಷ್ಟಿಷ್ಟು ರಕ್ತವೂ ಇಳಿದುಹೋಯಿತು.

"ಭಾವ?"

"ಇದು ಎಲ್ಲಿ ಸಿಕ್ತು?"

"ಮೇಷ್ಟ್ರ ಕಾರಲ್ಲಿ. ಮತ್ತೆಲ್ಲಿ?"

ಅವನು ನಿಧಾನವಾಗಿ ಗೋಡೆಗೆ ಒರಗಿದ. ಕಣ್ಣು ಮುಚ್ಚಿದ. ಮತ್ತೆ ತೆರೆದಾಗ ಅಲ್ಲಿ ಬೇರೆಯೇ ಮನುಷ್ಯ ಕೂತಿದ್ದ ಹಾಗಿತ್ತು.

"ನಾನೇ ಹಾಕಿದ್ದು," ಎಂದ.

"ಏನಂದ್ರಿ?"

"ಅಡಾಪ್ಟರ್ ನಾನೇ ಹಾಕಿದ್ದು. ಪೈಪೂ ನಾನೇ ಸಡಿಲ ಮಾಡಿದ್ದು. ನಿಮ್ಮ ಸಾಹೇಬರನ್ನ ಕರಿ, ಹೇಳಿಕೆ ಕೊಡ್ತೀನಿ."

ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಗಳಿಗೆಯ ಹಿಂದೆ ಇಲ್ಲ ಎಂದ ಬಾಯಿ.

"ಸರಿ," ಎಂದಳು. "ಹಾಗಾದ್ರೆ ಬೆಸೆದಿದ್ದು ಯಾಕೆ?"

"ಅವಸರ ಇತ್ತು."

"ಒತ್ತಿ ಕೂಡಿಸೋಕೆ ಕಣ್ಣು ಮಿಟುಕಿಸೋಷ್ಟು ಹೊತ್ತು ಸಾಕು. ಬೆಸೀಬೇಕು ಅಂದ್ರೆ ಐರನ್ ಕಾಯೋವರೆಗೂ ಕೂತಿರಬೇಕು. ಅವಸರ ಇರೋರು ನಿಧಾನದ ಕೆಲಸ ಹಿಡೀತಾರಾ?"

"ಪೊಲೀಸರ ದಾರಿ ತಪ್ಪಿಸೋಕೆ ಬೆಸೆದೆ ಅಂತ ಇಟ್ಕೋ."

"ಇಟ್ಕೊಳ್ಳೋಕೆ ಇದೇನು ಲೆಕ್ಕದ ಪರೀಕ್ಷೆನಾ? ಗ್ಯಾರೇಜಲ್ಲಿ ಸೋಲ್ಡರಿಂಗ್ ಐರನ್ನೇ ಇಲ್ಲ. ಎಲ್ಲಿಂದ ತಂದ್ರಿ?"

"ಮನೇಲಿದೆಯಲ್ಲ."

ಅಂದವನೇ ತುಟಿ ಕಚ್ಚಿಕೊಂಡ. ಆಡಿದ ಮಾತನ್ನು ಹೆಕ್ಕಿಕೊಳ್ಳುವ ಹಾಗಿದ್ದರೆ ಆ ಕ್ಷಣ ನೆಲಕ್ಕೆ ಬಗ್ಗಿ ಹೆಕ್ಕಿಕೊಳ್ಳುತ್ತಿದ್ದ.

"ಮನೇಲಿ ಯಾರದು?" ಅವಳ ದನಿ ಅವಳಿಗೇ ದೂರದಿಂದ ಕೇಳಿಸಿತು. "ಭಾವ, ಮನೇಲಿ ಐರನ್ ಯಾರದು?"

ಭಾವ ಮತ್ತೆ ಸ್ಕ್ರೂವಿನ ಮೇಲೆ ಉಗುರಿಟ್ಟ. ಈ ಸಲ ಅದು ತಿರುಗಲಿಲ್ಲ.

"ಮೇಷ್ಟ್ರ ಮೇಲೆ ನಿಮಗೇನು ದ್ವೇಷ? ಅದನ್ನಾದ್ರೂ ಹೇಳಿ."

"ಇತ್ತು. ಅಷ್ಟೇ."

"ಅವರಿಗೆ ವಾಸನೆ ಗೊತ್ತಾಗಲ್ಲ ಅನ್ನೋದು ನಿಮಗೆ ಗೊತ್ತಿತ್ತಾ?"

ಭಾವ ತಲೆ ಎತ್ತಿದ. ನಿಜವಾಗಿಯೂ ಗೊತ್ತಿಲ್ಲದವನ ಕಣ್ಣೇ, ಅಥವಾ ಗೊತ್ತಿಲ್ಲದವನ ಹಾಗೆ ನೋಡಲು ಕಲಿತವನ ಕಣ್ಣೇ? ಕಳ್ಳರನ್ನು ಕಣ್ಣಿನಿಂದಲೇ ಅಳೆಯುತ್ತಿದ್ದ ಇನ್ಸ್‌ಪೆಕ್ಟರಿಗೆ ಮನೆಯವರ ಕಣ್ಣು ಓದಲು ಬರಲಿಲ್ಲ.

"ಪುಟ್ಟಿ," ಎಂದ ಅವನು, ತಗ್ಗಿದ ದನಿಯಲ್ಲಿ. "ನಿನ್ನ ಹತ್ರ ಯಾವತ್ತೂ ಏನೂ ಕೇಳಿಲ್ಲ ನಾನು. ಇದೊಂದು ಕೇಳ್ತೀನಿ. ಆ ತಂತೀನ ಯಾರಿಗೂ ತೋರಿಸಬೇಡ. ಮನೇಲಂತೂ ತೋರಿಸಲೇಬೇಡ."

* * *

ಕಾರು ಮುಖ್ಯರಸ್ತೆಗೆ ಬರುವವರೆಗೂ ಅವಳು ಏನನ್ನೂ ಯೋಚಿಸದಿರಲು ಹೆಣಗಿದಳು. ಯೋಚನೆ ಕೇಳಬೇಕಲ್ಲ.

ಅಕ್ಕನ ಮನೆಯ ಕರೆಗಂಟೆಯ ಮುಚ್ಚಳ ಒಡೆದು ವರ್ಷಗಳೇ ಆಗಿದ್ದವು. ಗುಂಡಿ ಒತ್ತಿ ಬಾಗಿಲು ತೆರೆಯುವವರೆಗೆ ಕಣ್ಣು ಬೀಳುತ್ತಿದ್ದದ್ದು ಒಳಗಿನ ಎರಡು ತಂತಿಗಳ ಮೇಲೆ. ನುಣುಪಾದ ಬೆಸುಗೆ. ನೆತ್ತಿಯ ಮೇಲೆ ಹಸಿರು ಚುಕ್ಕೆ.

ಮದುವೆಗೆ ಮುಂಚೆ ಅಕ್ಕ ಕಿವಿಗೆ ಇಟ್ಟುಕೊಳ್ಳುವ ಯಂತ್ರ ಮಾಡುವ ಕಾರ್ಖಾನೆಯಲ್ಲಿದ್ದಳು. ಅಲ್ಲಿ ಬೆಸೆಯುವ ಹೆಂಗಸರಿಗೆ ಒಬ್ಬೊಬ್ಬಳಿಗೆ ಒಂದೊಂದು ಬಣ್ಣ. ಬೆಸೆದಾದ ಮೇಲೆ ಸರಿಯಿದೆಯೇ ಎಂದು ಪರೀಕ್ಷಿಸಿ ಅದರ ನೆತ್ತಿಗೆ ತನ್ನ ಬಣ್ಣದ ಚುಕ್ಕೆ ಇಡಬೇಕು. ಮಾಲು ಕೆಟ್ಟು ವಾಪಸು ಬಂದರೆ ಯಾರ ಕೈ ಎಂದು ಗೊತ್ತಾಗಲಿ ಅಂತ. ನೌಕರಿ ಬಿಟ್ಟರೂ ಅಕ್ಕ ಚುಕ್ಕೆ ಬಿಟ್ಟಿರಲಿಲ್ಲ. ಇಸ್ತ್ರಿ ಪೆಟ್ಟಿಗೆ, ರೇಡಿಯೋ, ಕರೆಗಂಟೆ, ಅವಳು ಸರಿಮಾಡಿದ ಎಲ್ಲದರ ಹೊಟ್ಟೆಯಲ್ಲೂ ಒಂದು ಹಸಿರು ಚುಕ್ಕೆ. ಯಾಕಕ್ಕ ಎಂದು ಕೇಳಿದರೆ, 'ಕೈ ತಾನಾಗೇ ಹೋಗುತ್ತೆ ಕಣೇ' ಎಂದು ನಗುತ್ತಿದ್ದಳು.

ಪಾಪ, ಕಾರು ರಿಪೇರಿಯವನ ಹೆಂಡತಿಯಾಗಿಯೂ ಸೆನ್ಸರಿನ ತಂತಿ ಬೆಸೆಯಬಾರದೆಂದು ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಪೆಟ್ಟು ತಿಂದು ಕಲಿತವಳು ತಂಗಿ.

ಹಾಗಾದರೆ ಮೇಷ್ಟ್ರ ಬದಲು ಮೂಸಿ ನೋಡುತ್ತಿದ್ದವಳು?

ಹಾಲು ಸೀಯುವ ಮುಂಚೆಯೇ ಕೂಗಿ ಹೇಳುವವಳು. ಊರಿನಲ್ಲಿ ಅಂಥ ಮೂಗು ಇನ್ನು ಯಾರಿಗಿದೆ?

ಇಲ್ಲ, ಅಕ್ಕ ಅಂಥವಳಲ್ಲ ಎಂದು ಅವಳು ತನಗೇ ಗಟ್ಟಿಯಾಗಿ ಹೇಳಿಕೊಂಡಳು. ಆದರೆ ಚೀಲ ಪಕ್ಕದ ಸೀಟಿನಲ್ಲೇ ಬಿದ್ದಿತ್ತು. ಅದನ್ನು ಸಾಹೇಬರ ಮೇಜಿನ ಮೇಲಿಟ್ಟರೆ ಭಾವ ಹೊರಗೆ ಬರುತ್ತಾನೆ, ಅಕ್ಕ ಒಳಗೆ ಹೋಗುತ್ತಾಳೆ. ಇಡದಿದ್ದರೆ ಭಾವ ಅಲ್ಲೇ ಕೊಳೆಯುತ್ತಾನೆ. ಸಂಜೆಯೊಳಗೆ ಇಬ್ಬರಲ್ಲಿ ಒಬ್ಬರನ್ನು ಕಳೆದುಕೊಳ್ಳಬೇಕು, ಯಾರನ್ನು ಎಂದು ತಾನೇ ಆರಿಸಬೇಕು.

ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ತೆವಳುತ್ತ ಬರುತ್ತಿತ್ತು. ಈಗ ತೆಗೆಯುತ್ತಾರೆ, ಆಗ ತೆಗೆಯುತ್ತಾರೆ ಎಂದು ಅವಳು ಎಂಜಿನ್ ಆರಿಸಲಿಲ್ಲ. ಹೊರಗೆ ಥಂಡಿ ಗಾಳಿ ಧೂಳೆಬ್ಬಿಸುತ್ತಿತ್ತು. ಅಕ್ಕ ಹೇಳಿದ ಹಾಗೆ ಕಿಟಕಿ ಮುಚ್ಚಿಯೇ ಇತ್ತು.

ತಲೆನೋವು ಈಗ ಕಣ್ಣಿನ ಹಿಂದೆ ಬಂದು ಕೂತಿತ್ತು. ಹೊಟ್ಟೆ ತೊಳೆಸುತ್ತಿತ್ತು. ಮನಸ್ಸು ಬೇರೆ ಕಡೆ ಹರಿಯಲಿ ಎಂದು ರೈಲಿನ ಡಬ್ಬಿ ಎಣಿಸತೊಡಗಿದಳು. ಒಂದು, ಎರಡು, ಮೂರು. ಮೂರರ ನಂತರ ಏನು ಬರುತ್ತದೆಂದು ಹೊಳೆಯಲಿಲ್ಲ. ಮತ್ತೆ ಮೊದಲಿಂದ ಶುರು ಮಾಡಿದಳು. ಮತ್ತೆ ಮೂರಕ್ಕೇ ನಿಂತಳು. ಅದರಲ್ಲೇನೂ ವಿಚಿತ್ರವಿಲ್ಲ ಎಂದೂ ಅನ್ನಿಸಿತು. ರೆಪ್ಪೆಗಳು ಭಾರವಾದವು. ಸ್ಟಿಯರಿಂಗಿಗೆ ಹಣೆಯಾನಿಸಿ ಒಂದು ನಿಮಿಷ ಕಣ್ಣು ಮುಚ್ಚಿದರೆ ಎಷ್ಟು ಸುಖ.

ಅರೆಮುಚ್ಚಿದ ಕಣ್ಣಿಗೆ ಎದುರಿನ ಗಡಿಯಾರ, ಮುಳ್ಳುಗಳು, ದೀಪಗಳ ಸಾಲು ಕಂಡವು. ಎಂಜಿನ್ ದೀಪ ಆರಿತ್ತು. ಎಲ್ಲ ಕ್ಷೇಮ.

ತಲೆ ಗಿರ್ ಅಂತಿತ್ತು, ಊಟ ಸೇರಲಿಲ್ಲ ಎಂದು ಯಾರು ಹೇಳಿದ್ದು? ದಫೇದಾರರು. ಯಾವ ಕಾರಿನಲ್ಲಿ ಕೂತು?

ಈ ಕಾರಿನಲ್ಲಿ.

ಭಯ ಅವಳ ಹೊಟ್ಟೆಯಲ್ಲಿ ಹುಟ್ಟಿ ಕೈಗೆ ಬರುವಷ್ಟರಲ್ಲಿ ತಡವಾಯಿತು. ಬೆರಳು ಬಾಗಿಲಿನ ಹಿಡಿಯನ್ನು ಹುಡುಕಿ ತಪ್ಪಿತು, ಮತ್ತೆ ಹುಡುಕಿತು. ಕೀ ತಿರುಗಿಸಿದಳು, ಬಾಗಿಲು ತೆರೆಯಿತು, ಅವಳು ರಸ್ತೆಗೆ ಉರುಳಿದಳು.

ಹಿಂದಿನ ವ್ಯಾನಿನ ಡ್ರೈವರ್ ಇಳಿದು ಓಡಿ ಬಂದ. "ಮೇಡಂ, ಹುಷಾರಿಲ್ವಾ? ನೀರು ತರ್ಲಾ?" ಎಂದವನು ತೆರೆದ ಬಾಗಿಲ ಹತ್ತಿರ ಬಂದು ಮೂಗು ಮುಚ್ಚಿಕೊಂಡ. "ಏನ್ ಮೇಡಂ ಇದು, ಗಾಡಿ ಒಳಗೆಲ್ಲ ಹೊಗೆ ನಾತ. ಇದ್ರಲ್ಲಿ ಹೇಗೆ ಕೂತಿದ್ರಿ?"

ಅವಳು ಡಾಂಬರಿನ ಮೇಲೆ ಕೈಯೂರಿ ಒಮ್ಮೆ ವಾಂತಿ ಮಾಡಿಕೊಂಡಳು. ಗಾಳಿಯನ್ನು ಬಾಯ್ತುಂಬ ನುಂಗಿದಳು. ಎಷ್ಟೋ ಹೊತ್ತಿನ ಮೇಲೆ ಮೂರರ ನಂತರ ನಾಲ್ಕು ಎಂದು ನೆನಪಾಯಿತು.

ಮೇಷ್ಟ್ರು ಸತ್ತ ಮಾರನೆಯ ದಿನ, ಕೇಸು ಅವಳ ಕೈಗೆ ಬಂದ ದಿನವೇ, ಈ ಕಾರಿನಲ್ಲಿ ದೀಪ ಹತ್ತಿತ್ತು. ಗ್ಯಾರೇಜಿಗೆ ಬಿಟ್ಟು ಬಂದಿದ್ದಳು. ಸಂಜೆ ಕೀ ತಂದುಕೊಟ್ಟವಳು ಅಕ್ಕ. 'ದೀಪ ಆರಿದೆ, ಇನ್ನು ತಲೆ ಕೆಡಿಸ್ಕೋಬೇಡ,' ಎಂದಿದ್ದಳು.

ಅವಳು ಟಾರ್ಚು ತೆಗೆದುಕೊಂಡು ತನ್ನದೇ ಕಾರಿನಡಿ ನುಸುಳಿದಳು. ಒಂದೇ ದಿನಕ್ಕೆ ಎರಡನೆಯ ಸಲ. ಪೈಪಿನ ಬಿಸಿ ಮುಖಕ್ಕೆ ಹೊಡೆಯಿತು. ಇದರ ಕೀಲೂ ಸಡಿಲವಾಗಿತ್ತು. ಸೆನ್ಸರಿನಿಂದ ಹೊರಟ ತಂತಿಯ ಮೇಲೆ ಬೆರಳಾಡಿಸುತ್ತ ಹೋದಳು. ಗೇಣುದ್ದದ ಅಡಾಪ್ಟರ್ ಸಿಕ್ಕಿತು. ಹೊಸ ಕರಿ ಟೇಪು. ಒಳಗೆ ಏನಿರುತ್ತದೆಂದು ಅವಳಿಗೆ ಗೊತ್ತಿತ್ತು. ಅತ್ತುಬಿಡಲು ಸಿದ್ಧಳಾಗಿಯೇ ಬಿಡಿಸಿದಳು.

ಹಸಿರು ಚುಕ್ಕೆ. ಇತ್ತು.

ಟಾರ್ಚನ್ನು ಹತ್ತಿರ ತಂದಳು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು.

ಚುಕ್ಕೆಯ ಕೆಳಗೆ ಬೆಸುಗೆ ಇರಲಿಲ್ಲ. ಪುಟ್ಟ ತಾಮ್ರದ ಕೊಳವೆ ಇತ್ತು. ಅದರೊಳಗೆ ಹೊಕ್ಕ ಎರಡು ತಂತಿಗಳು, ಅದರ ಮೇಲೆ ಇಕ್ಕಳದಿಂದ ಒತ್ತಿದ ಎರಡು ಗುರುತು, ಒಂದರ ಪಕ್ಕ ಒಂದು, ಅಳೆದಿಟ್ಟಂತೆ. ಆ ಒತ್ತನ್ನು ಅವಳು ಸಾವಿರ ಸಲ ನೋಡಿದ್ದಳು. ಆ ಕೈಯಿಂದಲೇ ಕಲಿತಿದ್ದಳು.

ಮೂಗು ಮುಚ್ಚಬೇಡ, ಒತ್ತಿ ಕೂಡಿಸು.

ಭಾವನ ಒತ್ತು. ಅದರ ಮೇಲೆ ಅಕ್ಕನ ಚುಕ್ಕೆ. ಎರಡನ್ನೂ ಕಂಡರೆ ಗುರುತಿಸಬಲ್ಲ ಪೊಲೀಸು ಊರಿಗೆಲ್ಲ ಅವಳೊಬ್ಬಳೇ.

ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕು ಎಂದು ಸಂಕಟಪಡುತ್ತ ಬಂದಿದ್ದಳು. ಇಬ್ಬರೂ ಜೊತೆಯಾಗಿ ಕೂತು, ಒಬ್ಬರು ಕೂಡಿಸಿ ಒಬ್ಬರು ಪರೀಕ್ಷಿಸಿ, ಈ ತಂತಿಯನ್ನು ಅವಳಿಗಾಗಿಯೇ ಕಟ್ಟಿಕೊಟ್ಟಿದ್ದರು. ಅವಳಿಗೆ ಅಳು ಬರಲಿಲ್ಲ. ಚಳಿ ಹಿಡಿದವಳ ಹಾಗೆ ಹಲ್ಲು ಕಟಕಟಿಸತೊಡಗಿತು.

ಆಗಲೇ, ವಾರದ ಮೇಲೆ ಮೊದಲ ಬಾರಿ, ಕಟ್ಟಿದ್ದ ಮೂಗು ಸರಕ್ಕನೆ ಬಿಟ್ಟಿತು. ಸುಟ್ಟ ಪೆಟ್ರೋಲಿನ ಕಹಿ ವಾಸನೆ ನೇರ ನೆತ್ತಿಗೇರಿತು.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕಾರಿನಡಿ ಮಲಗಿದ್ದಂತೆಯೇ ಅವಳು ಅದನ್ನು ಕಿವಿಗೆ ಹಿಡಿದಳು.

"ಎಲ್ಲಿದ್ದೀಯೇ?" ಎಂದಳು ಅಕ್ಕ, ಎಂದಿನ ಅಕ್ಕರೆಯ ದನಿಯಲ್ಲಿ. "ಎಷ್ಟು ಹೊತ್ತಾಯ್ತು. ಮೂಗು ಬಿಟ್ಟಿತಾ?"

ಅವಳು ಹಸಿರು ಚುಕ್ಕೆಯನ್ನೇ ನೋಡುತ್ತ, ಉಸಿರು ಬಿಗಿಹಿಡಿದು, ದನಿಯನ್ನು ಮೊದಲಿನ ಹಾಗೆಯೇ ಮೂಗಿನಲ್ಲಿ ಕಟ್ಟಿ ಹೇಳಿದಳು.

"ಇಲ್ಲ ಅಕ್ಕ. ಕಟ್ಟೇ ಇದೆ. ಬರ್ತಾ ಇದ್ದೀನಿ."